ಡಕೋಟಾದ ಎಡಗಡೆ ಸೀಟು

ಗುಜರಿ ಅಂಗಳದಲ್ಲಿ ಕಟಿಂಗ್ ಮಷೀನ್ ಹಿಡಿಯುತ್ತಿದ್ದವನಿಗೆ ಕ್ಯಾಪ್ಟನ್ ಎಂಬ ಹೆಸರು ಬಂದದ್ದು ಒಂದು ಸುಳ್ಳಿನಿಂದ. ಯಾವ ವಿಮಾನ ಹಾರಿಸುವ ಆಸೆ ಎಂದು ಒಮ್ಮೆ ಚಹಾದ ಹೊತ್ತಿನಲ್ಲಿ ಮಾತು ಬಂದಾಗ ಕ್ರೇನಿನವನು ಕಾಂಕಾರ್ಡ್ ಎಂದ, ತೂಕದವನು ಯಾವುದಾದರೂ ಫೈಟರ್ ಎಂದ. ಇವನು ಲೋಟ ಕೆಳಗಿಟ್ಟು, "ಡಕೋಟಾ! ಅದರ ಮುಂದೆ ಮಿಕ್ಕಿದ್ದೆಲ್ಲ ಗಾಳಿಪಟ. ವಯಸ್ಸಲ್ಲಿ ನೂರಾರು ಸಲ ಹಾರಿಸಿದ್ದೀನಿ" ಎಂದುಬಿಟ್ಟಿದ್ದ. ನಿಜ ಹೇಳಬೇಕೆಂದರೆ ಅಟ್ಟದ ಏಣಿ ಹತ್ತಿದರೂ ಅವನಿಗೆ ತಲೆ ಸುತ್ತುತ್ತಿತ್ತು. ಅದು ಗೊತ್ತಿದ್ದವಳು ಹೆಂಡತಿ ಒಬ್ಬಳೇ. ಆದರೆ ಡಕೋಟಾದ ಮೇಲಿನ ಪ್ರೀತಿ ಮಾತ್ರ ಅಪ್ಪಟ. ಕನ್ನಡಿಯ ಪಕ್ಕ ಅದರ ಚಿತ್ರ ಅಂಟಿಸಿಕೊಂಡು, ಗಡ್ಡ ಹೆರೆಯುವಾಗ ಅದನ್ನೇ ನೋಡಿ ಗಲ್ಲ ಕೊಯ್ದುಕೊಳ್ಳುತ್ತಿದ್ದ.

ಅಂಥವನ ಕೈಗೇ ಒಂದು ಬೆಳಗ್ಗೆ ಡಕೋಟಾ ಬಂದು ಬಿತ್ತು. ಎಂಜಿನ್ ಇಲ್ಲ, ರೆಕ್ಕೆ ಇಲ್ಲ, ಮೂತಿಯ ಮೇಲೆ ಹಳೆಯ ಹಕ್ಕಿಗೂಡು.

"ಸಂಜೆಯೊಳಗೆ ಕತ್ತರಿಸಿ ಗುಡ್ಡೆ ಹಾಕು," ಎಂದರು ಯಜಮಾನರು. "ಒಳ್ಳೇ ಅಲ್ಯೂಮಿನಿಯಂ."

"ಸಾರ್, ನಾಳೆ ಮಾಡಿದ್ರೆ..."

"ಯಾಕೆ, ಮುಹೂರ್ತ ನೋಡ್ಬೇಕಾ?"

ತೂಕದವನು ಬಿಟ್ಟಾನೆಯೇ? "ಪಾಪ ಸಾರ್, ಹಳೇ ಗೆಳತಿ. ಕತ್ತು ಕೊಯ್ಯೋಕೆ ಮನಸ್ಸು ಬರ್ತಿಲ್ಲ" ಎಂದು ಹಲ್ಲು ಕಿರಿದ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಕ್ಯಾಪ್ಟನ್ ಏಣಿ ಇಟ್ಟು, ಕಣ್ಣು ಮುಚ್ಚಿ ವಿಮಾನ ಹತ್ತಿದ. ಕತ್ತರಿಸುವ ಮೊದಲು ಒಂದೇ ಒಂದು ಸಲ ಪೈಲಟ್ ಕೂರುವ ಎಡಗಡೆ ಸೀಟಿನಲ್ಲಿ ಕೂತೆದ್ದರೆ ಸಾಕು, ಜನ್ಮ ಸಾರ್ಥಕ.

ಹೊರಗೆ ತಗಡು ಮುಟ್ಟಿದರೆ ಕೈ ಸುಡುವ ಬಿಸಿಲು. ಒಳಗೆ ಬಾವಿಯ ತಳದಂಥ ಚಳಿ. ಎರಡೂ ಕಡೆ ಸಾಲಾಗಿ ಖಾಲಿ ಸೀಟುಗಳು, ಅವುಗಳ ಬೆಲ್ಟುಗಳೆಲ್ಲ ಬಿಗಿದಿದ್ದವು. ಯಾರದೋ ಹೊಟ್ಟೆಯನ್ನು ಬಳಸಿದ ಹಾಗೆ ಗಾಳಿಯಲ್ಲಿ ಉಬ್ಬಿ ನಿಂತಿದ್ದವು. ಮೆತ್ತೆಗಳು ತಗ್ಗಿದ್ದವು. ಕಿಟಕಿಯ ಪಕ್ಕದ ಬೆಲ್ಟೊಂದು ಮೆಲ್ಲಗೆ ಏರಿ ಇಳಿಯುತ್ತಿತ್ತು.

"ಬಾಗಿಲು ಮುಂದೆ ಮಾಡಪ್ಪಾ, ಬಿಸಿಲು ಹೊಡೆಯುತ್ತೆ," ಎಂದಿತು ಮುದುಕಿಯೊಬ್ಬಳ ದನಿ, ಅವನ ಕಿವಿಯ ಹತ್ತಿರವೇ.

ಕ್ಯಾಪ್ಟನ್ ಬೆಚ್ಚಿ ಸುತ್ತ ನೋಡಿದ. "ಯಾ... ಯಾರು?"

"ವಿಮಾನದ ಹುಚ್ಚರು. ನಾನು ಬಟ್ಟೆ ಒಣಹಾಕೋ ನೆಪದಲ್ಲಿ ತಾರಸಿ ಹತ್ತಿ ಇದನ್ನೇ ನೋಡ್ತಿದ್ದೆ. ಪಕ್ಕದಲ್ಲಿರೋರು ದರ್ಜಿ. ಹಿಂದಿರೋರು ಲೆಕ್ಕದ ಮೇಷ್ಟ್ರು. ಬದುಕಿದ್ದಾಗ ಯಾರಿಗೂ ಹತ್ತೋಕಾಗ್ಲಿಲ್ಲ. ಸತ್ತ ಮೇಲೆ ಪುರುಸೊತ್ತಾಯ್ತು. ದಿನಾ ಒಬ್ಬೊಬ್ಬರು ಹಾರಿಸ್ತೀವಿ."

"ಇದಕ್ಕೆ ಎಂಜಿನ್ನೇ ಇಲ್ವಲ್ಲ!"

"ನಮಗೂ ದೇಹ ಇಲ್ಲ," ಎಂದರು ಮೇಷ್ಟ್ರು. "ಸರಿಹೋಯ್ತಲ್ಲ?"

ಓಡಬೇಕಿತ್ತು. ಕಾಲು ಬಾಗಿಲ ಕಡೆಗೆ ತಿರುಗಿಯೂ ಇತ್ತು. ಆದರೆ ಮುಂದೆ, ಎಡಗಡೆಯಲ್ಲಿ, ಆ ಸೀಟು ಕಂಡಿತು. ಅದರ ಬೆಲ್ಟು ಮಾತ್ರ ಬಿಚ್ಚಿ ನೇತಾಡುತ್ತಿತ್ತು.

"ನನಗೂ... ಒಂದು ಸಲ..."

"ಅದಕ್ಕೇನಂತೆ! ಒಂದೇ ಮಾತು ಹೇಳು," ಎಂದಳು ಅಜ್ಜಿ. "ಇದನ್ನ ಹಿಂದೆ ಹಾರಿಸಿದ್ದೀಯಾ?"

ಹುಟ್ಟುಗುಣ ಸುಟ್ಟರೂ ಹೋಗದು. ಅನುಭವವಿಲ್ಲ ಎಂದರೆ ಎಲ್ಲಿ ಇಳಿಸಿಬಿಡುತ್ತಾರೋ ಎಂಬ ಭಯ ಬೇರೆ. ಎದೆ ಸೆಟೆಸಿ, "ನೂರಾರು ಸಲ!" ಎಂದ.

ಬೆಲ್ಟುಗಳೆಲ್ಲ ಒಮ್ಮೆಲೇ ಸಡಿಲವಾದವು, ತುಂಬ ಜನ ಒಟ್ಟಿಗೆ ನಿಟ್ಟುಸಿರು ಬಿಟ್ಟ ಹಾಗೆ.

"ಪುಣ್ಯವಂತ," ಎಂದಳು ಅಜ್ಜಿ. "ಹಾಗಾದ್ರೆ ನೀನು ಎಲ್ಲರಾದ ಮೇಲೆ. ಒಂದು ಸಲವೂ ಹಾರಿಸದವರಿಗೆ ಇಲ್ಲಿ ಮೊದಲ ಸರದಿ. ಅಂಥ ಹೊಸಬರು ಬಂದ್ರೆ ನಿಂತ ನಿಲುವಿನಲ್ಲೇ ಸೀಟು ಬಿಟ್ಟುಕೊಡ್ತೀವಿ."

"ಅಯ್ಯೋ, ಇಲ್ಲ ಅಜ್ಜೀ! ನಾನು ಹೇಳಿದ್ದು ಸುಳ್ಳು..."

"ಸರದಿ ಮುರೀಬೇಡಿ," ಎಂದಿತು ದರ್ಜಿಯ ದನಿ. ಅದರಲ್ಲಿ ಕರುಣೆ ಇರಲಿಲ್ಲ.

ಅಷ್ಟರಲ್ಲಿ ಯಜಮಾನರು ಏಣಿ ಹತ್ತಿ ತಲೆ ಒಳಗೆ ತೂರಿಸಿದರು. "ಏನೋ ಮಾಡ್ತಿದ್ದೀಯಾ ಇಲ್ಲಿ?"

"ಇದನ್ನ ಹಿಂದೆ ಹಾರಿಸಿದ್ದೀರಾ?" ಎಂದು ಯಾರೋ ಕೇಳಿದರು.

"ನಾನಾ? ಈ ತಗಡಿನ ಡಬ್ಬಾನಾ? ನಮ್ಮಪ್ಪನಾಣೆ ಇಲ್ಲ!"

ತಣ್ಣಗಿನ ಅಂಗೈಗಳು ಯಜಮಾನರನ್ನು ಒಳಗೆ ಎಳೆದುಕೊಂಡು, ಕ್ಯಾಪ್ಟನ್‌ನ ಬೆನ್ನನ್ನು ಒತ್ತಿದವು. ಅವನು ಹೊರಗೆ ನೆಲಕ್ಕೆ ಬಿದ್ದ. ಬಾಗಿಲು ಮುಚ್ಚಿತು. ಎರಡು ಎಂಜಿನ್‌ಗಳು ಗುಡುಗಿದವು, ಧೂಳಿನ ಒಂದು ಕಣವೂ ಏಳಲಿಲ್ಲ. ಅವನು ಕಣ್ಣುಜ್ಜಿ ನೋಡಿದಾಗ ಅಲ್ಲಿ ಅದುಮಿದ ಹುಲ್ಲು ಮಾತ್ರ ಇತ್ತು.

ತೂಕದವನೂ ಕ್ರೇನಿನವನೂ ಕೈ ತೊಳೆಯದೆ ಓಡಿ ಬಂದರು.

"ಎಲ್ಲೋ ವಿಮಾನ?"

"ಹಾರಿಹೋಯ್ತು."

"ಯಜಮಾನ್ರು?"

"ಹಾರಿಸ್ತಿದಾರೆ."

ತೂಕದವನು ಕಟಿಂಗ್ ಮಷೀನಿನ ಚಕ್ರವನ್ನು ಎತ್ತಿ, ರಕ್ತದ ಕಲೆ ಇದೆಯೇ ಎಂದು ಬಿಸಿಲಿಗೆ ಹಿಡಿದು ನೋಡಿದ. "ವಿಮಾನ ಮಾರ್ಕೊಂಡಿರಬಹುದು. ಯಜಮಾನ್ರನ್ನ ಏನ್ ಮಾಡ್ದೆ ಹೇಳು," ಎಂದು ಕ್ರೇನಿನವನು ಕಾಲರ್ ಹಿಡಿದ. ಪೊಲೀಸರನ್ನು ಕರೆಯುವುದೋ, ಯಜಮಾನರ ಹೆಂಡತಿಯನ್ನು ಕರೆಯುವುದೋ ಎಂದು ಇಬ್ಬರೂ ಜಗಳಕ್ಕೆ ಬಿದ್ದರು. ಆಗ ತಲೆಯ ಮೇಲೆ ಸದ್ದು ಕೇಳಿಸಿತು. ಆಕಾಶದಲ್ಲಿ ಏನೂ ಇರಲಿಲ್ಲ. ಆದರೆ ಅಂಗಳದ ಮೇಲೆ ನೆರಳೊಂದು ಹಾದುಹೋಯಿತು, ಅದಕ್ಕೆ ಎರಡೂ ರೆಕ್ಕೆಗಳಿದ್ದವು. ಕ್ರೇನಿನವನು ಕಾಲರ್ ಬಿಟ್ಟು ಕ್ಯಾಪ್ಟನ್‌ನ ಕೈಯನ್ನೇ ಗಟ್ಟಿಯಾಗಿ ಹಿಡಿದುಕೊಂಡ.

ಹೊತ್ತು ಇಳಿಯುವಾಗ ವಿಮಾನ ಇದ್ದಲ್ಲೇ ಇತ್ತು. ಬಂದದ್ದನ್ನು ಯಾರೂ ನೋಡಲಿಲ್ಲ. ಯಜಮಾನರು ಏಣಿ ಇಳಿದರು. ಹುಬ್ಬಿನ ಮೇಲೆ ಮಂಜು, ಕೆನ್ನೆಯ ಮೇಲೆ ಕಣ್ಣೀರು.

"ಮೋಡದ ಮೇಲಿನ ಬಿಸಿಲು ನೋಡಿದೆ ಕಣ್ರೋ," ಎಂದರು. "ಇದನ್ನ ಕತ್ತರಿಸೋದು ಬೇಡ. ಎಲ್ಲರೂ ಒಂದೊಂದು ಸಲ ಹಾರಿಸಿ."

ಕ್ಯಾಪ್ಟನ್ ಅವರ ಕಾಲಿಗೇ ಬಿದ್ದ. "ಸಾರ್, ನಾನು ವಿಮಾನ ಹತ್ತಿದವನೇ ಅಲ್ಲ. ಇಷ್ಟು ವರ್ಷ ಹೇಳಿದ್ದೆಲ್ಲ ಸುಳ್ಳು. ಹೆಂಡತಿಯನ್ನ ಕೇಳಿ ಬೇಕಾದ್ರೆ!"

"ನೀನು ಹೀಗೇ ಅಂತೀಯ ಅಂತ ಅಜ್ಜಿ ಮೊದಲೇ ಹೇಳಿದ್ರು," ಎಂದು ಯಜಮಾನರು ಅವನ ಬೆನ್ನು ತಟ್ಟಿದರು. "ಆಸೆಬುರುಕ! ಅನುಭವಸ್ಥ ನೀನು, ಬಾಗಿಲಲ್ಲಿ ನಿಲ್ಲು. ಬಂದವರನ್ನೆಲ್ಲ ಕೇಳಿ ಕೇಳಿ ಒಳಗೆ ಬಿಡು. ಹ್ಞೂಂ, ಕೇಳು."

ತೂಕದವನು ಆಗಲೇ ಚಪ್ಪಲಿ ಕಳಚಿ ನಿಂತಿದ್ದ. ಕ್ಯಾಪ್ಟನ್ ಏಣಿ ಹಿಡಿದುಕೊಂಡು, "ಹಿಂದೆ ಹಾರಿಸಿದ್ದೀಯಾ?" ಎಂದ.

"ಇಲ್ಲಪ್ಪಾ, ನಿನ್ನಷ್ಟು ಪುಣ್ಯ ನಮಗೆಲ್ಲಿ!" ಎನ್ನುತ್ತ ಅವನು ಏಣಿ ಹತ್ತಿದ.