ಎದುರುಮನೆಯ ಸಾಬೂನಿನ ಅಚ್ಚು

ನಮ್ಮ ಜಹೀರಾಬಾದಿನ ಓಣಿಯಲ್ಲಿ ಒಂದು ದಿನ ಸುಮ್ಮನೆ ಹೋಯಿತು ಅನ್ನೋದೇ ಇಲ್ಲ. ನಾನು ಕಟ್ಟೆ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿರುತ್ತೀನಿ, ಸುದ್ದಿ ತಾನೇ ನಡೆದುಕೊಂಡು ಬರುತ್ತದೆ. ನಾನು ಯಾರ ಮನೆಗೂ ಹೋಗಿ ಕೇಳೋದಿಲ್ಲ. ಎದುರುಮನೆಗೆ ಮಾತ್ರ ಹೋಗ್ತೀನಿ, ಯಾಕಂದರೆ ಅಲ್ಲಿ ಅತ್ತೆಯ ದನಿ ದೊಡ್ಡದು, ಸೊಸೆಯ ದನಿ ಸಣ್ಣದು. ಕಟ್ಟೆಯಿಂದ ಅರ್ಧ ಕಥೆಯೇ ಕೇಳಿಸ್ತದ.

ಆ ಸೊಸೆ ಸಾಬೂನು ಮಾಡುತ್ತಾಳೆ. ಆಕೆ ಗಂಡನದು ವೆಲ್ಡಿಂಗ್ ದುಕಾನ. ಲಾರಿ ಎತ್ತೋ ಜಾಕಿಯನ್ನು ಕಬ್ಬಿಣದ ಚೌಕಟ್ಟಿನಲ್ಲಿ ಕೂಡಿಸಿ ಹೆಂಡತಿಗೆ ಹಿಂದಿನ ಖೋಲಿಯಲ್ಲಿ ಒತ್ತುವ ಮಷಿನ್ನು ಮಾಡಿಕೊಟ್ಟಾನ. ಕೆಳಗೊಂದು ಅಚ್ಚು, ಮೇಲೊಂದು ಅಚ್ಚು, ನಡುವೆ ಸಾಬೂನಿನ ತುಂಡು. ಜಾಕಿ ಒತ್ತಿದರೆ ಕೇಳಿದ ಚಿತ್ರ ಮೂಡುತ್ತದೆ. ಲಗ್ನ, ಗೃಹಪ್ರವೇಶಕ್ಕೆ ಮಂದಿ ಮಾಡಿಸಿಕೊಂಡು ಹೋಗುತ್ತಾರೆ.

ಗಿಣಿ

ಮೊದಲ ಅಚ್ಚಿಗೆ ದಪ್ಪ ಹಿತ್ತಾಳೆ ಬೇಕಾಯಿತು. ಮಗರಾಯ ಪೇಟೆಗೆ ಹೋಗಲಿಲ್ಲ, ಅಟ್ಟ ಹತ್ತಿದ. ಅಲ್ಲಿ ಅವ್ವನ ತವರಿನ ಅಡ್ಡಣಿಗೆ ಇತ್ತು. ಊಟದ ತಟ್ಟೆ ಇಡೋ ಮೂರು ಕಾಲಿನ ಹಿತ್ತಾಳೆ ಪೀಠ. ಅದರಿಂದ ಎರಡು ತುಂಡು ಕತ್ತರಿಸಿದ. ಒಂದರಲ್ಲಿ ಮಲ್ಲಿಗೆ ಹೂ ಕೊರೆದ, ಇನ್ನೊಂದು ಬರೀ ಸಪಾಟು ಅಂದುಕೊಂಡು ಹಂಗೇ ಕೂಡಿಸಿದ.

ಸಾಬೂನು ನನಗಿಂತ ಚಾಡಿಕೋರ ನೋಡ್ರಿ. ಅಚ್ಚಿನ ಮೇಲಿನ ಒಂದು ಗೀರನ್ನೂ ಮುಚ್ಚಿಡೋದಿಲ್ಲ. ಮೊದಲ ಸಾಬೂನು ಅತ್ತೆಗೇ ಕೊಟ್ಟರು. ಆಕೆ ಹೂವು ನೋಡಿ, "ಪಾಡಾಗ್ಯದ" ಅಂತ ಹಿಂದಕ್ಕೆ ತಿರುವಿದಳು. ಅಲ್ಲಿ ಮಾಸಿದ ಗೀರಿನ ಗಿಣಿಯೊಂದು ಮೂಡಿತ್ತು.

"ಈ ಗಿಣಿ ನಮ್ಮ ತವರಿಂದು."

ಮಗ ಅಂದ, "ಗಿಣಿ ಎಲ್ಲಾ ಕಡಿ ಒಂದೇ ಇರ್ತಾವ ಬಿಡವ್ವಾ."

"ಎಲ್ಲಾ ಗಿಣಿಗೂ ಬಾಲ ಇರ್ತದ. ನಮ್ಮ ಗಿಣಿಗಿ ಇಲ್ಲ. ಬಾಲ ಕೊರಿಯೋ ಹೊತ್ತಿಗಿ ನಮ್ಮಪ್ಪ ಆ ಕಂಚಗಾರನ ಕೂಡ ಜಗಳಾಡಿ ಎದ್ದು ಬಂದಿದ್ದ."

ಅಟ್ಟದಿಂದ ಅಡ್ಡಣಿಗೆ ಇಳಿಸಿದರು. ಅದಕ್ಕೆ ಎರಡು ಕಿಟಕಿ ಬಂದಿದ್ದವು. ಅತ್ತೆ ಅದರೊಳಗಿಂದ ಮಗನನ್ನೇ ನೋಡಿ ಅಂದಳು, "ನಿಮ್ಮಪ್ಪ ಇದರ ಮ್ಯಾಲ ಉಂಡು ಉಂಡು ಸತ್ತ. ಈಗ ಊರ ಮಂದಿ ಇದರ್ಲಿಂದ ಬಗಲು ತಿಕ್ಕೋಬೇಕೇನು?"

ಅವತ್ತೇ ತೀರ್ಮಾನ ಹೇಳಿಬಿಟ್ಟಳು. ತಾಂಡೂರಿನಲ್ಲಿ ಆಕೆಯ ಅಣ್ಣನ ಮೊಮ್ಮಗಳ ಲಗ್ನ ಇತ್ತು. "ಆ ಲಗ್ನಕ್ಕ ಸಾಬೂನು ಮಾಡಿ ಹಂಚ್ರಿ. ಹೆಸರು ಬಂತೋ, ಮಷಿನ್ ಇರ್ಲಿ. ಮಂದಿ ನಕ್ಕರೋ, ಮಷಿನ್ ಗುಜರಿಗಿ, ಖೋಲಿ ನನ್ನ ತೊಗರಿ ಚೀಲಕ್ಕ."

ಆ ಮನೆಯಲ್ಲಿ ಅಡುಗೆ ಒಲೆ ಅತ್ತೆಯದು, ಪಡಸಾಲೆ ಮಾವನ ಫೋಟೊದ್ದು, ಟಿವಿ ಮಕ್ಕಳದು. ಬಾಗಿಲು ಹಾಕಿಕೊಂಡು ತನ್ನದು ಅನ್ನೋಕೆ ಸೊಸೆಗಿದ್ದದ್ದು ಆ ಸಾಬೂನಿನ ಖೋಲಿ ಒಂದೇ.

ಬಸವಣ್ಣ

ಲಗ್ನಕ್ಕೂ ಮೊದಲು ನಾರಾಯಣಖೇಡದ ಒಬ್ಬ ಕಿರಾಣಿ ಸಾಹುಕಾರ ಬಂದ. ಭಾರಿ ಭಕ್ತ. ಹೊಸ ಮನೆ ಕಟ್ಟಿದ್ದ. "ಬಂದವರಿಗೆಲ್ಲ ಬಸವಣ್ಣನ ಸಾಬೂನು ಕೊಡ್ತೀನಿ, ಪುಣ್ಯ ಬರ್ತದ" ಅಂದ. ಸೊಸೆ ಮೆಲ್ಲಗೆ, "ಹೂವು ಹಾಕಲೇನ್ರಿ ಅಣ್ಣಾ?" ಅಂದು ನೋಡಿದಳು. ಕೇಳಲಿಲ್ಲ. ಕೂತ ಬಸವಣ್ಣ, ಗಂಟೆ, ಗೆಜ್ಜೆ ಎಲ್ಲಾ ಚೆಂದ ಮೂಡಿತು.

ಚೆಂದ ಮೂಡಿದ್ದೇ ತಪ್ಪಾಯಿತು. ಬಸವಣ್ಣನ್ನ ಹಿಡಿದು ಬೆನ್ನು ತಿಕ್ಕಿಕೊಳ್ಳೋ ಧೈರ್ಯ ನಮ್ಮ ಮಂದಿಗೆ ಎಲ್ಲಿಂದ ಬರಬೇಕು? ಮನೆಗೆ ಒಯ್ದವರೆಲ್ಲ ಜಗುಲಿ ಮೇಲೆ ಇಟ್ಟರು, ವಿಭೂತಿ ಹಚ್ಚಿದರು. ನಾಗಲಗಿದ್ದ ಊರಿನಲ್ಲಿ ಸಾಹುಕಾರನ ದೊಡ್ಡಮ್ಮ ಒಬ್ಬಾಕೆ ಸೋಮವಾರ ಸೋಮವಾರ ನೀರೂ ಹಾಕಿದಳು. ಬಸವಣ್ಣನ ಬಾಯಲ್ಲಿ ನೊರೆ ಬಂತು.

ಮೊದಲು ಊರೆಲ್ಲ ಬಂದು ಕೈ ಮುಗಿಯಿತು. ಆಮೇಲೆ ಯಾರೋ ದನ ಕಾಯೋನು ಹತ್ತಿರ ಬಗ್ಗಿ ನೋಡಿ, "ಕಾಲುಬಾಯಿ ಬ್ಯಾನಿ ಬಂದದ" ಅಂದ. ದೊಡ್ಡಮ್ಮ ಗಾಬರಿಯಾಗಿ ಹಸಿ ಹುಲ್ಲು ಇಟ್ಟಳು, ಬೆಲ್ಲ ಇಟ್ಟಳು. ನೀರು ಹಾಕೋದು ಮಾತ್ರ ಬಿಡಲಿಲ್ಲ. ಕಡೆಗೆ ಸಾಹುಕಾರನಿಗೆ ಫೋನ್ ಮಾಡಿದಳಂತೆ: "ತಮ್ಮಾ, ನಿನ್ನ ಬಸವಣ್ಣಗ ಮೇವು ಹತ್ತವಲ್ದು. ವಾರ ವಾರ ಸೊರಗ್ಲತ್ಯಾನ. ದನದ ಡಾಕ್ಟರನ್ನ ಕಳಸು."

ಮೀಸೆ

ಪೆದ್ದೆಮುಲ್ ಕಡೆಯ ಒಬ್ಬ ಲೀಡರನಿಗೆ ತನ್ನ ಮುಖವೇ ಬೇಕಾಯಿತು. ಆತನ ಮೀಸೆ ದಪ್ಪ. ಸೊಸೆಯ ಗಂಡ ಅದನ್ನು ಆಳವಾಗಿ, ಕೂದಲು ಕೂದಲಾಗಿ ಕೊರೆದ. ಒತ್ತಿದಾಗೆಲ್ಲ ಮೀಸೆ ಅಚ್ಚಿನಲ್ಲೇ ಅಂಟಿಕೊಂಡು ಉಳಿಯಿತು, ಲೀಡರು ನುಣ್ಣಗೆ ಹೊರಗೆ ಬಂದ. ಹಪ್ಪಳ ಒತ್ತೋವಾಗ ಎಣ್ಣೆ ಪಾಕೀಟಿನ ಹಾಳೆ ಇಡೋದಿಲ್ಲವೇ, ಹಂಗೆ ಇಟ್ಟು ಒತ್ತು ಅಂತ ನಾನೇ ಸೊಸೆಗೆ ಹೇಳಿಕೊಟ್ಟೆ. ಮೀಸೆ ಬಂತು. ಅಷ್ಟರೊಳಗೆ ಲೀಡರನ ಹೆಂಡತಿ ಬೋಳು ಮುಖದ ಸಾಬೂನು ನೋಡಿಬಿಟ್ಟಿದ್ದಳು. "ಇವೇ ಇರ್ಲಿ. ಮೂವತ್ತು ವರ್ಷದ ಮ್ಯಾಲ ಈ ಮನುಷ್ಯನ ತುಟಿ ಕಂಡೀನಿ" ಅಂದಳು.

ಎಡಕ್ಕೋ ಬಲಕ್ಕೋ

ತಾಂಡೂರಿನ ಲಗ್ನ ಬಂತು. ನಾನೂ ಹೋದೆ. ಕರೆದಿದ್ದರೋ ಇಲ್ಲವೋ, ಅದು ಬೇರೆ ಮಾತು.

ನಿಶ್ಚಯದ ದಿನದ ಫೋಟೊ ನೋಡಿ ಗಂಡು ಹೆಣ್ಣು ಇಬ್ಬರನ್ನೂ ಅಚ್ಚಿನಲ್ಲಿ ಕೊರೆದಿದ್ದರು. ಫೋಟೊದವ ಅವಸರ ಮಾಡಿ ಹೆಣ್ಣನ್ನು ಆಗಲೇ ಗಂಡಿನ ಎಡಕ್ಕೆ ಕೂಡಿಸಿದ್ದ. ಅದರಲ್ಲಿ ಇದ್ದಂಗೇ ಕೊರೆದ ನಮ್ಮ ವೆಲ್ಡಿಂಗ್ ಪುಣ್ಯಾತ್ಮ. ಅಚ್ಚಿನಲ್ಲಿ ಎಡಕ್ಕಿದ್ದದ್ದು ಸಾಬೂನಿನಲ್ಲಿ ಬಲಕ್ಕೆ ಬರ್ತದ ಅನ್ನೋದು ಅಲ್ಲೀತನಕ ಯಾರಿಗೂ ಹೊಳೆದಿರಲಿಲ್ಲ. ಹೂವಿಗೆ ಎಡ ಬಲ ಇಲ್ಲ, ಬಸವಣ್ಣ ಯಾವ ಕಡೆ ಮುಖ ಮಾಡಿದರೂ ಬಸವಣ್ಣನೇ. ಹೆಂಡತಿ ಹಂಗಲ್ಲ. ತಾಳಿ ಕಟ್ಟೋ ತನಕ ಹೆಣ್ಣು ಗಂಡಿನ ಬಲಕ್ಕೆ, ಕಟ್ಟಿದ ಮೇಲೆ ಎಡಕ್ಕೆ.

ತಾಳಿ ಕಟ್ಟಿದರು, ಅಕ್ಕಿಕಾಳು ಬಿತ್ತು, ಊಟಕ್ಕೆ ಕೂತೆವು, ಸಾಬೂನಿನ ಡಬ್ಬಿ ಹಂಚಿದರು. ಗಂಡಿನ ಸೋದರತ್ತೆ ಒಬ್ಬಾಕೆ, ಕಾಸಿನಗಲ ಕುಂಕುಮದವಳು, ಡಬ್ಬಿ ಬಿಚ್ಚಿದಳು.

"ಇದೇನ್ರಿ ಇದು, ಹೆಣ್ಣು ಬಲಕ್ಕ ಕುಂತಾಳ? ಲಗ್ನ ಆಗೇ ಇಲ್ಲ ಅಂದಂಗಾತು. ಇಂಥ ಅಪಶಕುನ ಮನಿಗಿ ಒಯ್ಯಬೇಕೇನು ನಾವು?"

ಪಂಕ್ತಿ ಪೂರಾ ಡಬ್ಬಿ ಬಿಚ್ಚಿತು. ಸೊಸೆ ತುಪ್ಪದ ಗಿಂಡಿ ಹಿಡಿದುಕೊಂಡು ಕಂಬದಂಗೆ ನಿಂತಳು. ನಾನು ಅತ್ತೆಯ ಮುಖ ನೋಡಿದೆ. ಮಷಿನ್ನು ಹೋಯಿತು, ತೊಗರಿ ಬಂತು ಅಂದುಕೊಂಡೆ.

ಅತ್ತೆ ಎಂಜಲು ಕೈಯಲ್ಲೇ ಎದ್ದಳು. ತನ್ನ ಸೊಸೆಯನ್ನು ತಾನು ಬೈಯೋದು ಬೇರೆ, ಬೀಗರ ಕಡೆಯವಳು ಬೈಯೋದು ಬೇರೆ.

"ಯಕ್ಕಾ, ಸಾಬೂನಿಗಿ ಇನ್ನಾ ನೀರು ಬಿದ್ದಿಲ್ಲ. ಒಯ್ದು ಜಳಕ ಮಾಡ್ರಿ. ಮೊದಲ ಮೂಗು ಹೋಗ್ತದ, ಆಮ್ಯಾಲ ಬಾಯಿ ಹೋಗ್ತದ, ಕಡೀಕ ಎಡ ಯಾರು ಬಲ ಯಾರು ಗೊತ್ತಾಗದಂಗ ಇಬ್ಬರೂ ಒಂದಾಗ್ತಾರ. ಸಂಸಾರ ಅಂದ್ರ ಇದೇ ಅಲ್ಲೇನು? ನಿಮ್ಮಲ್ಲಿ ಬ್ಯಾರೆ ಏನರ ಅದೇನು?"

ಪಂಕ್ತಿ ನಕ್ಕಿತು. ಭಟ್ಟಿ ಹತ್ತಿರ ಅಡುಗೆಯವರೂ ನಕ್ಕರು. ಸೊಸೆಯ ಮುಖ ಮಾತ್ರ ಇನ್ನೂ ಸಣ್ಣದಾಯಿತು. ಬಸ್ಸಿನಲ್ಲಿ ನನ್ನ ಕಿವಿಯಲ್ಲಿ ಅಂದಳು, "ಆಯಿ, ಮಂದಿ ನಕ್ಕರಲ್ಲಾ. ಇನ್ನ ಗುಜರಿನೇ."

ಮರುದಿನ ನಾನು ಸಕ್ಕರೆ ಕೇಳೋಕೆ ಎದುರುಮನೆಗೆ ಹೋದೆ. ನಮ್ಮ ಮನೆಯಲ್ಲಿ ಸಕ್ಕರೆ ಇತ್ತು. ಮಗ ಜಾಕಿಯ ಬೋಲ್ಟು ಬಿಚ್ಚೋಕೆ ಪಾನಾ ಹಾಕಿ ಅವ್ವ ಏನಂತಾಳೋ ಅಂತ ನಿಂತಿದ್ದ. ಅಷ್ಟರಲ್ಲಿ ಫೋನ್ ಬಂತು. ಅದೇ ಸೋದರತ್ತೆ. ಅತ್ತೆ ಫೋನ್ ಕಸಿದುಕೊಂಡಳು. ಆಕೆಗೆ ಸ್ಪೀಕರ್ ಹಾಕದಿದ್ದರೆ ಕೇಳಿಸೋದಿಲ್ಲ. ನನ್ನ ಪುಣ್ಯ.

"ನಂದು ಲಗ್ನ ಆಗಿ ಐವತ್ತು ವರ್ಷ ಆತ್ರಿ. ಮಕ್ಕಳು ಕಾರ್ಯ ಮಾಡ್ತಾರ. ಸಾಬೂನು ಆಗ್ತಾವೇನು?"

"ಯಾಕಾಗಂಗಿಲ್ಲ? ನಮ್ಮ ಮಷಿನ್ ಅದ" ಅಂದಳು ಅತ್ತೆ. ಹೇಳುತ್ತಾ ಮಗನ ಕೈಗೊಂದು ಏಟು ಹಾಕಿ ಪಾನಾ ತೆಗೆಸಿದಳು. ಸೊಸೆ ಆ ಪಾನಾ ಎತ್ತಿ ಸೆರಗಿನಲ್ಲಿ ಮುಚ್ಚಿಟ್ಟಳು.

"ಆದ್ರ ಯಕ್ಕಾ, ಈ ಸಲ ಮೊದಲೇ ಹೇಳಿಬಿಡ್ರಿ. ನೀವು ಯಜಮಾನ್ರಿಗಿ ಎಡಕ್ಕೋ, ಬಲಕ್ಕೋ?"

ಆ ಕಡೆ ಬಾಗಿಲು ಮುಚ್ಚಿದ ಸಪ್ಪಳ. ಆಮೇಲೆ ಪಿಸುಮಾತು.

"ಎಡಾನೂ ಬ್ಯಾಡ, ಬಲಾನೂ ಬ್ಯಾಡ. ಮೈ ಸಾಬೂನ್ ಮ್ಯಾಲ ನನ್ನ ಒಬ್ಬಾಕಿನ್ನೇ ಹಾಕ್ರಿ. ಅವರ್ನ ಬಟ್ಟಿ ಸಾಬೂನ್ ಮ್ಯಾಲ ಹಾಕ್ರಿ. ಕಲ್ಲಿಗಿ ತಿಕ್ಕಿ ತಿಕ್ಕಿ ಒಗಿತೀನಿ."