ಹರಾಜಿನ ಪೆನ್ನಿನ ಮೂರು ಸಾಲು

ನಮ್ಮ ನಿವೃತ್ತ ಟಿಕೆಟ್ ತನಿಖಾಧಿಕಾರಿಗಳು ಬೆಳಿಗ್ಗೆ ಎದ್ದ ಕೂಡಲೇ ಬೂಟು ಉಜ್ಜುತ್ತಾರೆ. ಕೆಲಸ ಬಿಟ್ಟು ಆರು ವರ್ಷವಾದರೂ ಒಂದು ದಿನವೂ ತಪ್ಪಿಲ್ಲ. ಎಲ್ಲಿಗೂ ಹೋಗದ ಆ ಬೂಟುಗಳಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು. (ಬಾಚಲು ತಲೆಯ ಮೇಲೆ ಹೆಚ್ಚೇನೂ ಉಳಿದಿಲ್ಲ, ಆ ಮಾತು ಬೇರೆ.) ಬೂಟು ಮುಗಿದರೆ ಬಾಗಿಲ ಚಿಲಕ, ಚಿಲಕ ಮುಗಿದರೆ ಅಡುಗೆಮನೆಯ ಸೌಟು. ಕೈ ಸುಮ್ಮನಿರುವುದಿಲ್ಲ.

ಹೋದ ವಾರ ಅವರು ಫೋನಿನ ಹರಾಜು ಆಪ್‌ನಲ್ಲಿ ಒಂದು ಹಳೆಯ ಇಂಕ್ ಪೆನ್ನನ್ನು ಗೆದ್ದರು. ಹೆಂಡತಿ ಅದನ್ನು ಗುಜರಿ ಎಂದರು.

"ಗುಜರಿನಾ? ಎಪ್ಪತ್ತು ವರ್ಷದ ಹಿಂದಿನದು ಕಣೇ! ನನ್ನ ಕಣ್ಣು ಯಾವತ್ತಾದ್ರೂ ಮೋಸ ಹೋಗಿದ್ಯಾ?"

"ಹೋದ ತಿಂಗಳು ಗಡಿಯಾರ ತಗೊಂಡ್ರಲ್ಲ, ಅವತ್ತು ಕಣ್ಣಿಗೆ ರಜವಾ?"

ಕೊನೆಗೆ ಒಪ್ಪಂದವಾಯಿತು. ಪೆನ್ನು ರಿಪೇರಿ ಅಂಗಡಿ ಇಟ್ಟಿರುವ ಹೆಂಡತಿಯ ತಮ್ಮ ಅದರ ಕಂಪನಿ, ವರ್ಷ ಎರಡನ್ನೂ ಗುರುತಿಸಿದರೆ ಶೋಕೇಸಿನ ಮೇಲಂತಸ್ತು ಯಜಮಾನರದು. ಇಲ್ಲವಾದರೆ ಹರಾಜಿನ ಆಪ್ ಫೋನಿನಿಂದ ಮಾಯವಾಗಬೇಕು.

ಭಾನುವಾರ ಭಾವಮೈದುನ ಬಂದ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಪೆನ್ನನ್ನು ಹಿಂದೆ ಮುಂದೆ ತಿರುಗಿಸಿದ, ಮುಚ್ಚಳ ತೆಗೆದು ಮೂಸಿದ, ನಿಬ್ಬನ್ನು ಉಗುರಿನ ಮೇಲೆ ಎಳೆದ.

"ಹಳೇದೇ ಭಾವ. ಆದ್ರೆ ಯಾರು ಮಾಡಿದ್ದು, ಯಾವಾಗ ಅಂತ ಮೈ ಮೇಲೆ ಕೆತ್ತಿರ್ತಾರೆ. ಇದರಲ್ಲಿ ಏನೂ ಇಲ್ವಲ್ಲ!"

"ಇಲ್ವಾ? ಹರಾಜಿನ ಫೋಟೋ ನೋಡು!"

ಫೋಟೋದಲ್ಲಿ, ಓದಲಾಗದಷ್ಟು ಮಂಕಾಗಿ, ಮೂರು ಸಾಲು ಅಕ್ಷರಗಳಿದ್ದವು.

ತನಿಖಾಧಿಕಾರಿಗಳು ಕೆಂಡಾಮಂಡಲವಾದರು. "ಬೇರೆ ಪೆನ್ನು ಕಳಿಸಿದ್ದಾನೆ, ಕಳ್ಳ! ಬಿಡೋದಿಲ್ಲ ನಾನು." ಮಾರಿದವನ ಮೇಲೆ ದೂರು ಟೈಪು ಮಾಡತೊಡಗಿದರು.

ಹೆಂಡತಿ ಫೋಟೋವನ್ನೂ ಪೆನ್ನನ್ನೂ ದಿಟ್ಟಿಸಿದರು. "ಕ್ಲಿಪ್ಪಿನ ಹತ್ರ ಇದೇ ಸೀಳು ಇದೆ ನೋಡಿ. ಅದೇ ಪೆನ್ನು ಇದು. ಅಂದ ಹಾಗೆ, ಪಾರ್ಸಲ್ ಬಂದ ಮಾರನೇ ದಿನ ಬೂಟು ಮುಗಿಸಿ, ಹಲ್ಲುಪುಡಿ ಹಚ್ಚಿ ಗಂಟೆಗಟ್ಟಲೆ ಉಜ್ಜಿದ್ರಲ್ಲ, ಏನನ್ನ?"

ಟೈಪು ಮಾಡುತ್ತಿದ್ದ ಬೆರಳು ನಿಂತಿತು.

"ಸ್ವಲ್ಪ ಕೊಳೆ ಇತ್ತು," ಎಂದರು. "ಗೀರು ಗೀರಾಗಿ ಕೂತಿತ್ತು."

"ಆ ಗೀರೇ ಭಾವ, ಆ ಮೂರು ಸಾಲು," ಎಂದ ಭಾವಮೈದುನ ಮೆಲ್ಲಗೆ.

ತನಿಖಾಧಿಕಾರಿಗಳು ಅರ್ಧ ಬರೆದ ದೂರನ್ನು ಅಳಿಸಿದರು. (ಅಳಿಸುವುದರಲ್ಲಿ ಕೈ ಆಗಲೇ ಪಳಗಿತ್ತು.) ಫೋನನ್ನು ಹೆಂಡತಿಯ ಕೈಗಿಟ್ಟರು. ಆಪ್ ಹೋಯಿತು.

ಭಾವನ ಮುಖ ನೋಡಿ ಭಾವಮೈದುನನಿಗೆ ಅಯ್ಯೋ ಅನ್ನಿಸಿತು. "ಅಂಗಡೀಲಿ ಕೆತ್ತೋ ಮೆಷೀನಿದೆ ಭಾವ. ಒಳ್ಳೇ ಕಂಪನಿ ಹೆಸರು, ನಿಮಗೆ ಬೇಕಾದ ವರ್ಷ ಹೇಳಿ. ಐದು ನಿಮಿಷದ ಕೆಲಸ. ದೇವರಾಣೆ, ಯಾರಿಗೂ ಗೊತ್ತಾಗಲ್ಲ."

ಹೆಂಡತಿಯೂ ಕರಗಿದರು. "ಮಾಡಿಸ್ಕೊಳ್ರಿ. ಮೇಲಂತಸ್ತು ಖಾಲಿ ಮಾಡಿಕೊಡ್ತೀನಿ."

ತನಿಖಾಧಿಕಾರಿಗಳು ಶೋಕೇಸಿನತ್ತ ಒಮ್ಮೆ ಆಸೆಯಿಂದ ನೋಡಿ, ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡರು.

"ಬೇಡಪ್ಪಾ. ಇದ್ದದ್ದನ್ನ ಅಳಿಸಿದ್ದು ದಡ್ಡತನ. ಇಲ್ಲದ್ದನ್ನ ಬರೆಸಿದ್ರೆ ಅದಕ್ಕೆ ಹೆಸರೇ ಬೇರೆ."