ಗುಬ್ಬಿ ಬಸ್ ಸ್ಟ್ಯಾಂಡಿನ ಪೊರಕೆ ಫೋಟೋ

ಪಟ್ಟಾಭಿರಾಮ ತನ್ನ ಜೀವಮಾನದಲ್ಲಿ ಒಂದೇ ಒಂದು ಫೋಟೋವನ್ನು "ಸ್ಮೈಲ್ ಪ್ಲೀಸ್" ಅನ್ನದೆ ತೆಗೆದ. ಅದೇ ಮುಳುವಾಯಿತು.

೧೯೭೯ರ ಮಾತು. ಗುಬ್ಬಿ ಹತ್ತಿರದ ಕಡಬದ ದೊಡ್ಡರಂಗಯ್ಯ ಊರಿಗೆಲ್ಲ ನ್ಯಾಯ ಹೇಳುವ ಯಜಮಾನರು. ಸಂತೆ ಮುಗಿಸಿ, ಹೆಂಡತಿ ಭದ್ರಮ್ಮನನ್ನೇ ಮರೆತು ಗುಬ್ಬಿಯಲ್ಲಿ ಬಸ್ ಹತ್ತಿಬಿಟ್ಟರು. ಆಗತಾನೇ ಕೊಂಡ ಪೊರಕೆ ಹಿಡಿದಿದ್ದ ಭದ್ರಮ್ಮ ಅವರನ್ನು ಕೆಳಗಿಳಿಸಿ ಬೆನ್ನಿಗೆ ನಾಲ್ಕು ಬಿಟ್ಟಳು. ಎದುರಿನ ತನ್ನ ಫೋಟೋ ಸ್ಟುಡಿಯೋ ಬಾಗಿಲಲ್ಲಿದ್ದ ಪಟ್ಟಾಭಿರಾಮ ಕ್ಲಿಕ್ಕಿಸಿ, ಬೆಂಗಳೂರಿನ ವಾರಪತ್ರಿಕೆಯೊಂದರ 'ಸಹಜ ಚಿತ್ರ' ಸ್ಪರ್ಧೆಗೆ ಕಳಿಸಿದ. ಮೊದಲ ಬಹುಮಾನ! ಜೊತೆಗೆ ಪತ್ರಿಕೆಯಲ್ಲೇ ಕೆಲಸ. ಪಾಸ್‌ಪೋರ್ಟ್ ಸೈಜಿನ ಮುಖಗಳನ್ನು ನೋಡುವ ಕರ್ಮ ತಪ್ಪಿತೆಂದು ಅವನು ಕುಣಿದಾಡಿದ.

ಚಿತ್ರ ಅಚ್ಚಾದ ವಾರವೇ ಪತ್ರಿಕೆಗೆ ದೊಡ್ಡರಂಗಯ್ಯನವರ ದೂರು ಹೋಯಿತು: ಅದು ಸಹಜವಲ್ಲ, ಹೇಳಿಕೊಟ್ಟು ತೆಗೆದ ಫೋಟೋ. ವಿಚಾರಣೆಗೆ ಸಹಸಂಪಾದಕ ಶ್ರೀಕಂಠಯ್ಯ ಕ್ಯಾಮೆರಾ ಸಮೇತ ಬಸ್ ಸ್ಟ್ಯಾಂಡಿಗೆ ಬಂದಿಳಿದರು.

"ಎಲ್ಲಾ ಆಕ್ಟಿಂಗು ಸ್ವಾಮಿ. ಹೆಂಡ್ತಿ ಕೈಲಿ ಹೊಡೆಸ್ಕೊಳೋ ಗಂಡ್ಸಾ ನಾನು?" ದೊಡ್ಡರಂಗಯ್ಯ ಮೀಸೆ ತಿರುವಿದರು.

"ಹಿಂಗ್ ಎತ್ತಮ್ಮ ಅಂತ ಈವಯ್ಯನೇ ಹೇಳ್ಕೊಟ್ಟಿದ್ದು," ಎಂದು ಭದ್ರಮ್ಮ ಪಟ್ಟಾಭಿರಾಮನತ್ತ ಬೆರಳು ತೋರಿಸಿದಳು.

ಚಿತ್ರದ ಮೂಲೆಯಲ್ಲಿ ಆಕಳಿಸುತ್ತಿದ್ದ ಎಲೆಯಂಗಡಿ ಚಿಕ್ಕಮಾರಯ್ಯನೂ ಮುಂದೆ ಬಂದ. "ನಂಗೂ ಬಾಯ್ ತೆಕ್ಕೊಂಡ್ ನಿಂತ್ಕೋ ಅಂದ ಸಾ. ಅರ್ಧ ಗಂಟೆ ನಿಂತು ದವಡೆ ನೋವ್ ಬಂತು. ಇಲ್ದಿದ್ರೆ ಫೋಟೋ ಹಿಡೀವಾಗ ಯಾರಾನ ಆಕಳಿಸ್ತಾರಾ?"

ಫೋಟೋ ಎಂದರೆ ತಲೆ ಬಾಚಿ, ಪೌಡರ್ ಹಚ್ಚಿ, ಉಸಿರು ಬಿಗಿಹಿಡಿದು ನಿಲ್ಲುವುದು. ಇದ್ದ ಹಾಗೇ ಸಿಕ್ಕಿಬಿದ್ದೆವೆಂದು ಒಪ್ಪುವ ಮರ್ಯಾದಸ್ಥರು ಯಾರಿದ್ದಾರೆ? ಇಡೀ ಬಸ್ ಸ್ಟ್ಯಾಂಡು ಒಗ್ಗಟ್ಟಿನಿಂದ ಸುಳ್ಳು ಹೇಳಿತು.

ಪಟ್ಟಾಭಿರಾಮನಿಗೆ ಅಳುವೇ ಬಂತು. "ಆಕ್ಟಿಂಗ್ ಆದ್ರೆ ಇನ್ನೊಂದ್ಸಲ ಮಾಡಿ ತೋರಿಸ್ಲಿ ಸಾರ್!" ಎಂದು ಸ್ಟುಡಿಯೋದ ಪೊರಕೆಯನ್ನು ತಾನೇ ತಂದುಕೊಟ್ಟ.

ಭದ್ರಮ್ಮ ಸೆರಗು ಸರಿಮಾಡಿಕೊಂಡು, ಆರತಿ ಎತ್ತುವಂತೆ ಪೊರಕೆ ಎತ್ತಿದಳು. ದೊಡ್ಡರಂಗಯ್ಯ ಎದೆಯುಬ್ಬಿಸಿ ಕ್ಯಾಮೆರಾ ನೋಡಿದರು. ಶ್ರೀಕಂಠಯ್ಯ ಮುಖ ಗಂಟಿಕ್ಕಿದರು.

"ನೋಡಿದ್ರಾ ಸಾರ್, ಬರಲ್ಲ ಇವ್ರಿಗೆ! ಅವತ್ತು ನಿಜವಾಗ್ಲೂ ಏಟು ಬಿತ್ತು. 'ಅಯ್ಯೋ, ಬುಡೇ' ಅಂತ ಯಜಮಾನ್ರು ಕೂಗ್ಕೊಂಡ್ರು!"

ಜನ ಗೊಳ್ಳೆಂದರು. ಗಂಡನ ಮುಖ ಸಪ್ಪಗಾದದ್ದು ಕಂಡು ಭದ್ರಮ್ಮನ ಪಿತ್ತ ನೆತ್ತಿಗೇರಿತು. "ನಮ್ಮೆಜಮಾನ್ರನ್ನ ನಗೆಪಾಟ್ಲು ಮಾಡ್ತೀಯೇನ್ಲಾ?" ಎಂದು ಪಟ್ಟಾಭಿರಾಮನ ಬೆನ್ನಿಗೆ ಬಿಟ್ಟಳು ಏಟು. ಶ್ರೀಕಂಠಯ್ಯನವರ ಕ್ಯಾಮೆರಾ ಕ್ಲಿಕ್ಕೆಂದಿತು.

"ಭೇಷ್ ತಾಯಿ! ಎರಡನೇ ಸಲಕ್ಕೆ ಸರಿಯಾಗಿ ಬಂತು. ಅದೇ ಕೈ, ಅದೇ ಕೋಪ! ಅಂದಮೇಲೆ ಅವತ್ತಿಂದೂ ಆಕ್ಟಿಂಗೇ," ಎಂದು ಅವರು ಬಹುಮಾನ, ಕೆಲಸ ಎರಡನ್ನೂ ಅಲ್ಲೇ ರದ್ದುಮಾಡಿದರು.

ಮುಂದಿನ ವಾರ ಆ ಹೊಸ ಫೋಟೋ ಶ್ರೀಕಂಠಯ್ಯನವರ ಹೆಸರಿನಲ್ಲಿ 'ಸಹಜ ಚಿತ್ರ'ವೆಂದೇ ಅಚ್ಚಾಯಿತು. ಪತ್ರಿಕೆ ಹಿಡಿದುಕೊಂಡು ಪಟ್ಟಾಭಿರಾಮನ ಅತ್ತೆ ಅಲಮೇಲಮ್ಮ ತುಮಕೂರಿನ ಬಟವಾಡಿಯಿಂದ ಮೊದಲ ಬಸ್ಸಿಗೇ ಬಂದರು.

"ಏನ್ ಅಳಿಯಂದ್ರೇ ಇದು? ನಡುಬೀದೀಲಿ ಪೊರಕೆ ಏಟು ತಿಂದ್ರಾ?"

ಪಟ್ಟಾಭಿರಾಮ ಬೆನ್ನು ಸವರಿಕೊಳ್ಳುತ್ತಿದ್ದ ಕೈಯನ್ನು ತೆಗೆದು ತಲೆ ನೀವಿಕೊಂಡ.

"ಛೆ ಛೆ, ಎಲ್ಲಾ ಆಕ್ಟಿಂಗು ಅತ್ತೆ. ನಾನೇ ಹೇಳ್ಕೊಟ್ಟಿದ್ದು."